ಡಿಪ್‌ಸ್ಟಿಕ್ಕಿನಲ್ಲಿ ಏರುತ್ತಿದ್ದ ಎಣ್ಣೆ: ದೋಣಿಯ ಡೀಸೆಲ್ ಎಂಜಿನ್ನಿನಲ್ಲಿ ಒಂದು ಸೋರಿಕೆಯ ಹುಡುಕಾಟ

ಎಂಜಿನ್ ಎಣ್ಣೆ ಬದಲಿಸಿ 14 ಗಂಟೆ ಓಡಿಸಿದ ಬಳಿಕ, ಎಣ್ಣೆಯ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು ನೋಡಿದಾಗ, ಎಣ್ಣೆ ಮೇಲಿನ ಗೆರೆಯನ್ನು ದಾಟಿ 6 ಮಿಲಿಮೀಟರ್ ಎತ್ತರದಲ್ಲಿ ನಿಂತಿತ್ತು. ಬದಲಿಸಿದ ದಿನ ಸರಿಯಾಗಿ ಗೆರೆಗೆ ಮುಟ್ಟಿಸಿ ನಿಲ್ಲಿಸಿದ್ದೆನೆಂದು ಟಿಪ್ಪಣಿ ಪುಸ್ತಕದಲ್ಲಿ ನನ್ನದೇ ಕೈಬರಹದಲ್ಲಿ ಬರೆದಿತ್ತು. ಒರೆಸಿ ಮತ್ತೆ ಅದ್ದಿದೆ, ಅಳತೆ ಬದಲಾಗಲಿಲ್ಲ. ಕಡ್ಡಿಯ ತುದಿಯಿಂದ ಎಣ್ಣೆ ಬೀಳುವ ರೀತಿಯೂ ಬೇರೆಯಾಗಿತ್ತು: 15ಡಬ್ಲ್ಯೂ-40 ದರ್ಜೆಯ ಎಂಜಿನ್ ಎಣ್ಣೆ ತುದಿಯಲ್ಲಿ ದಪ್ಪಗೆ ಕೂಡಿಕೊಂಡು, ತಡೆದು ತಡೆದು ಹನಿಯಾಗಬೇಕಾದಲ್ಲಿ ಇದು ಸರಸರನೆ ಇಳಿದು ಹೋಗುತ್ತಿತ್ತು. ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ಅದಕ್ಕೂ ಹಿಂದಿನ ಇಡೀ ವರ್ಷ, ನನ್ನ ಎಂಜಿನ್ ಒಂದು ಹನಿ ಎಣ್ಣೆಯನ್ನೂ ಕುಡಿಯುವುದಿಲ್ಲವೆಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದವನು ನಾನು. ವಯಸ್ಸಾದ ಡೀಸೆಲ್ ಎಂಜಿನ್ ಸ್ವಲ್ಪವಾದರೂ ಎಣ್ಣೆ ಸುಡುತ್ತದೆ. ಸುಟ್ಟಷ್ಟನ್ನೂ ಸೋರಿದ ಇಂಧನ ತುಂಬಿಕೊಡುತ್ತಿದ್ದರೆ ಡಿಪ್‌ಸ್ಟಿಕ್ ತಿಂಗಳುಗಟ್ಟಲೆ ಒಂದೇ ಗೆರೆಯನ್ನು ತೋರಿಸುತ್ತಾ ನಮ್ಮನ್ನು ನಂಬಿಸುತ್ತಿರುತ್ತದೆ. ಆ ವರ್ಷವೂ ಹಾಗೆಯೇ ಆಗಿರಬೇಕು ಎಂದು ಈಗ ನನಗೆ ಅನ್ನಿಸುತ್ತದೆ.

ಎಂಜಿನ್ ಮೂರು ಸಿಲಿಂಡರಿನದು, ಸುಮಾರು 27 ಅಶ್ವಶಕ್ತಿಯ ಹಳೆಯ ಮಾದರಿ. ಇಂಧನ ನೇರವಾಗಿ ಸಿಲಿಂಡರಿಗೆ ಬೀಳದೆ ಪಕ್ಕದ ಸಣ್ಣ ದಹನಕೋಣೆಗೆ ಸಿಂಪಡಣೆಯಾಗುವಂಥದ್ದು. ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯಾದ ಸಂಪಿನಲ್ಲಿ 4 ಲೀಟರ್ ಎಣ್ಣೆ ಹಿಡಿಯುತ್ತದೆ. ಮೂರು ಎಲಿಮೆಂಟುಗಳ ಇನ್‌ಲೈನ್ ಇಂಜೆಕ್ಷನ್ ಪಂಪು ಎಂಜಿನ್ನಿನ ಪಕ್ಕಕ್ಕೆ ಕೂತಿದೆ, ಸಿಲಿಂಡರುಗಳಿಗೆ ಒತ್ತಡದಲ್ಲಿ ಇಂಧನ ಕಳಿಸುವುದು ಇದೇ. ಸಿಲಿಂಡರಿಗೊಂದರಂತಿರುವ ಪ್ರತಿ ಎಲಿಮೆಂಟೂ ಬ್ಯಾರಲ್ಲು ಎಂಬ ಕೊಳವೆ ಮತ್ತು ಅದರೊಳಗೆ ಮೇಲೆ ಕೆಳಗೆ ಆಡುವ ಪ್ಲಂಜರು ಎಂಬ ಕಡ್ಡಿಯ ಜೋಡಿ. ಪಂಪಿನ ಕ್ಯಾಮ್ ಕೋಣೆಗೆ ಪ್ರತ್ಯೇಕ ಎಣ್ಣೆಯಿಲ್ಲ, ಎಂಜಿನ್ನಿನ ಎಣ್ಣೆಯೇ ಅಲ್ಲಿಗೂ ಬಂದು ಸಂಪಿಗೆ ಮರಳುತ್ತದೆ. ಟ್ಯಾಂಕಿನಿಂದ ಇಂಧನ ಎಳೆದು ಅದಕ್ಕೆ ಕೊಡುವ ಫೀಡ್ ಪಂಪು ಡಯಾಫ್ರಂ ಎಂಬ ಬಾಗುವ ಪೊರೆಯದು, ಸಂಪಿನ ಮೇಲಿನ ಎಂಜಿನ್ ಒಡಲಾದ ಕ್ರ್ಯಾಂಕ್‌ಕೇಸಿನ ಗೋಡೆಗೆ ಎರಡು ಬೋಲ್ಟುಗಳಲ್ಲಿ ಹಿಡಿದಿದ್ದು, ಅದರ ಸನ್ನೆ ಒಳಗಿನ ಕ್ಯಾಮಿನ ಮೇಲೆ ಆಡುತ್ತದೆ. ಇಂಧನದ ಟ್ಯಾಂಕು ದೋಣಿಯ ಹಿಂಭಾಗದಲ್ಲಿದೆ. ತುಂಬಿದಾಗ ಅದರ ಮಟ್ಟ ಇಂಜೆಕ್ಷನ್ ಪಂಪಿಗಿಂತ ಸುಮಾರು 20 ಸೆಂಟಿಮೀಟರ್ ಮೇಲಿರುತ್ತದೆ, ಅರ್ಧಕ್ಕೆ ಇಳಿದಾಗ ಪಂಪಿಗಿಂತ ಕೆಳಗೆ ಹೋಗುತ್ತದೆ. ಈ ಕೊನೆಯ ಸಂಗತಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ನಾನು ಇಟ್ಟುಕೊಂಡಿರಲಿಲ್ಲ.

ಎಣ್ಣೆಯಲ್ಲಿ ಬೆರೆತದ್ದು ಡೀಸೆಲ್ಲೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕಿತ್ತು. ದೋಣಿಯ ಎಂಜಿನ್ ಕೋಣೆಯಲ್ಲಿ ಎಲ್ಲಕ್ಕೂ ಡೀಸೆಲ್ ವಾಸನೆ ಹಿಡಿದಿರುವುದರಿಂದ ಮೂಗನ್ನು ಮಾತ್ರ ನಂಬುವಂತಿಲ್ಲ. ಒಂದು ಲೋಟ ನೀರಿನ ಮೇಲೆ ಹೊಸ ಎಣ್ಣೆಯ ಒಂದು ಹನಿ ಬಿಟ್ಟರೆ ಅದು ಗುಂಡಗೆ ತೇಲುತ್ತಾ ನಿಂತಿತು. ಇನ್ನೊಂದು ಲೋಟಕ್ಕೆ ಸಂಪಿನ ಎಣ್ಣೆಯ ಹನಿ ಬಿಟ್ಟ ಕೂಡಲೇ ಅದರ ಅಂಚಿನಿಂದ ಕಾಮನಬಿಲ್ಲಿನ ಬಣ್ಣದ ತೆಳು ಪೊರೆ ಲೋಟದ ಗೋಡೆಯವರೆಗೂ ಹರಡಿಕೊಂಡಿತು. ಸೋಸುವ ಕಾಗದದ ಮೇಲೆ ಹಾಕಿದ ಹನಿ ಮರುದಿನ ನಡುವೆ ಕಪ್ಪಗೂ ಸುತ್ತ ಅಗಲವಾದ, ಬೆಳಕು ಹಾಯುವಂಥ ತಿಳಿಹಳದಿ ಬಳೆಯಾಗಿಯೂ ಕಂಡಿತು. ಗಾಜಿನ ಹಲಗೆಯೊಂದರ ಮೇಲೆ ಹೊಸ ಎಣ್ಣೆಯನ್ನೂ ಸಂಪಿನ ಎಣ್ಣೆಯನ್ನೂ ಅಕ್ಕಪಕ್ಕ ಒಂದೊಂದು ಹನಿ ಹಾಕಿ, ಎರಡೂ ಒಂದೇ ಬಿಸಿಗೆ ಬರಲೆಂದು ಒಂದು ತಾಸು ಬಿಟ್ಟು ಹಲಗೆಯನ್ನು ಓರೆಯಾಗಿಸಿದಾಗ, ಹೊಸದು ಒಂದು ಗೇಣು ಇಳಿಯುವಷ್ಟರಲ್ಲಿ ಹಳೆಯದು ಹಲಗೆಯ ಕೆಳ ಅಂಚನ್ನು ದಾಟಿಹೋಗಿತ್ತು. ಕೊನೆಯದಾಗಿ, ದೋಣಿಯಿಂದ ಹೊರಗೆ, ಕಾದ ಲೋಹದ ತಟ್ಟೆಯ ಮೇಲೆ ಎರಡು ಹನಿ ಬಿಟ್ಟೆ. ಚಟಪಟ ಸದ್ದು ಬರಲಿಲ್ಲವಾದ್ದರಿಂದ ನೀರಿಲ್ಲ, ಅಂದರೆ ತಂಪುಗೊಳಿಸುವ ವ್ಯವಸ್ಥೆಯ ಕಡೆಯಿಂದ ತೊಂದರೆಯಿಲ್ಲ ಎಂದಾಯಿತು. ಈ ಕಡೆಯ ಪರೀಕ್ಷೆಯನ್ನು ಮಾಡುವವರು ಎರಡು ಹನಿಗಿಂತ ಹೆಚ್ಚು ಹಾಕಬಾರದು: ಒಳ್ಳೆಯ ಎಂಜಿನ್ ಎಣ್ಣೆ ಹೊತ್ತಿಕೊಳ್ಳಲು 200 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಆದರೆ ಡೀಸೆಲ್ಲಿನ ಆವಿಗೆ ಅದರ ಅರ್ಧದಷ್ಟೂ ಬೇಕಿಲ್ಲ.

ಬೆರೆತದ್ದೆಷ್ಟು ಎಂಬುದಕ್ಕೆ ಡಿಪ್‌ಸ್ಟಿಕ್ಕನ್ನೇ ಅಳತೆಗೋಲಾಗಿ ಮಾಡಿಕೊಂಡೆ. ಹಳೆಯ ಎಣ್ಣೆಯನ್ನು ಪೂರ್ತಿ ತೆಗೆದು, ಹೊಸದನ್ನು ಕೆಳಗಿನ ಗೆರೆಯವರೆಗೆ ತುಂಬಿ, ಅಲ್ಲಿಂದ ಮುಂದೆ 100 ಮಿಲಿಲೀಟರಿನಂತೆ ಸುರಿಯುತ್ತಾ, ಪ್ರತಿ ಬಾರಿ ಹದಿನೈದು ನಿಮಿಷ ಕಾದು ಗುರುತು ಹಾಕಿಕೊಂಡಾಗ, 100 ಮಿಲಿಲೀಟರಿಗೆ ಕಡ್ಡಿಯ ಮೇಲೆ 2 ಮಿಲಿಮೀಟರ್ ಎಂಬ ಲೆಕ್ಕ ಸಿಕ್ಕಿತು. ದೋಣಿಯಲ್ಲಿ ಈ ಕೆಲಸ ನೆಲದ ಮೇಲಿನಷ್ಟು ಸಲೀಸಲ್ಲ. ಎಂಜಿನ್ ತನ್ನ ಬೆಡ್ಡಿನ ಮೇಲೆಯೇ ಹಿಂದಕ್ಕೆ ಓರೆಯಾಗಿ ಕೂತಿರುತ್ತದೆ. ನೀರಿನ ತೊಟ್ಟಿ ತುಂಬಿದ್ದರೆ ಒಂದು ಬಾಗು, ಖಾಲಿಯಿದ್ದರೆ ಇನ್ನೊಂದು ಬಾಗು. ಒಬ್ಬರು ಬಂದು ಪಕ್ಕದಲ್ಲಿ ಕೂತರೂ 1 ಮಿಲಿಮೀಟರ್ ಆಚೀಚೆಯಾಗುತ್ತದೆ. ಹಾಗಾಗಿ ಪ್ರತಿ ಅಳತೆಯನ್ನೂ ಬೆಳಗ್ಗೆ, ಎಂಜಿನ್ ರಾತ್ರಿಯಿಡೀ ನಿಂತಿದ್ದಾಗ, ದೋಣಿ ಅದೇ ಹಗ್ಗಗಳಲ್ಲಿ ಕಟ್ಟಿರುವಾಗ, ನಾನೊಬ್ಬನೇ ಒಂದೇ ಜಾಗದಲ್ಲಿ ನಿಂತು ತೆಗೆಯುವುದೆಂದು ನಿಯಮ ಮಾಡಿಕೊಂಡೆ. ಕಡ್ಡಿಯ ಆ ಲೆಕ್ಕದ ಪ್ರಕಾರ 6 ಮಿಲಿಮೀಟರ್ ಎಂದರೆ 300 ಮಿಲಿಲೀಟರ್, ಒಟ್ಟು 4.3 ಲೀಟರಿನಲ್ಲಿ ಸುಮಾರು ಶೇಕಡಾ 7 ಡೀಸೆಲ್. 14 ಗಂಟೆಗೆ ಹಂಚಿದರೆ ಗಂಟೆಗೆ 21 ಮಿಲಿಲೀಟರ್. ಶೇಕಡಾ 2 ದಾಟಿದರೆ ಎಚ್ಚರವಾಗಬೇಕು, 5 ಮುಟ್ಟಿದರೆ ಎಣ್ಣೆಯನ್ನು ಚೆಲ್ಲಲೇಬೇಕು ಎಂಬುದು ಎಂಜಿನ್ ಕೆಲಸದವರಲ್ಲಿ ರೂಢಿಯಲ್ಲಿರುವ ಮಿತಿ. ಶೇಕಡಾ 5ರಷ್ಟು ಡೀಸೆಲ್ ಬೆರೆತರೆ 40ರ ದರ್ಜೆಯ ಎಣ್ಣೆ ಹೆಚ್ಚುಕಡಿಮೆ 30ರ ದರ್ಜೆಗೆ ತೆಳುವಾಗುತ್ತದೆ. ಬಿಸಿಯಾದ ಎಂಜಿನ್ ನಿಧಾನ ವೇಗದಲ್ಲಿರುವಾಗ ನನ್ನ ಎಣ್ಣೆಯ ಒತ್ತಡ 0.7 ಬಾರ್‌ಗೆ ಇಳಿದಿದ್ದಕ್ಕೆ ಕಾರಣವೂ ಅದೇ. ಗೇಜು ಹಳೆಯದಾಯಿತು, ತಪ್ಪು ತೋರಿಸುತ್ತಿದೆ ಎಂದುಕೊಂಡು ಅದನ್ನು ಎರಡು ತಿಂಗಳು ಕಡೆಗಣಿಸಿದ್ದೆ.

ಇಂಥ ಎಂಜಿನ್ನನ್ನು ಇನ್ನೊಂದು ಸುತ್ತು ಓಡಿಸಿ ನೋಡೋಣ ಎನ್ನುವುದು ತಪ್ಪು. ಬೇರಿಂಗುಗಳು ತೆಳು ಎಣ್ಣೆಯಲ್ಲಿ ಸವೆಯುವುದು ಒಂದು ಕಡೆಯಾದರೆ, ಸಂಪಿನ ಮಟ್ಟ ಏರುತ್ತಾ ಹೋಗಿ ಎಂಜಿನ್ ಒಡಲಿನ ಆವಿಯನ್ನು ಹೊರಬಿಡುವ ಬ್ರೀದರ್ ಪೈಪಿನ ಮೂಲಕ ಎಣ್ಣೆ ಮತ್ತು ಡೀಸೆಲ್ಲಿನ ಮಂಜು ಗಾಳಿಯ ದಾರಿಗೆ ಸೇರಿದರೆ ಎಂಜಿನ್ ತನ್ನ ಸಂಪನ್ನೇ ಇಂಧನವಾಗಿ ಸುಡಲು ತೊಡಗುತ್ತದೆ. ಆಗ ಸ್ಟಾಪ್ ಲಿವರ್ ಎಳೆದರೂ ನಿಲ್ಲುವುದಿಲ್ಲ, ಏಕೆಂದರೆ ಆ ಲಿವರ್ ಕಟ್ಟುವುದು ಇಂಜೆಕ್ಷನ್ ಪಂಪಿನ ಇಂಧನವನ್ನು ಮಾತ್ರ; ಗಾಳಿಯ ಬಾಯಿಯನ್ನು ಮುಚ್ಚಿದರಷ್ಟೇ ನಿಂತೀತು. ಅಂದಿನಿಂದ ಏರ್ ಫಿಲ್ಟರಿನ ಬಾಯಿಗೆ ಸರಿಯಾಗಿ ಕೂರುವ ಒಂದು ದಪ್ಪ ಹಲಗೆ ತುಂಡನ್ನು ಎಂಜಿನ್ ಕೋಣೆಯ ಬಾಗಿಲಿಗೇ ತೂಗುಹಾಕಿದ್ದೇನೆ. ಅದನ್ನು ಬರಿಗೈಯಿಂದ ಮಾಡಲು ಹೋಗಬಾರದು. ಸೆಳೆತ ಅಷ್ಟು ಜೋರಾಗಿರುತ್ತದೆ.

ಡೀಸೆಲ್ ಸಂಪಿಗೆ ಬರಲು ಇರುವ ದಾರಿಗಳು ಹೆಚ್ಚಿಲ್ಲ. ಫೀಡ್ ಪಂಪಿನ ಡಯಾಫ್ರಂ ಹರಿದರೆ ಅದರ ಆ ಬದಿಯಲ್ಲೇ ಕ್ರ್ಯಾಂಕ್‌ಕೇಸ್ ಇರುವುದರಿಂದ ಡೀಸೆಲ್ ನೇರವಾಗಿ ಇಳಿಯುತ್ತದೆ. ಇಂಜೆಕ್ಟರಿನ ನಾಜಲ್ ಸಿಂಪಡಿಸುವ ಬದಲು ತೊಟ್ಟಿಕ್ಕಿದರೆ ಸುಡದ ಇಂಧನ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಪಿಸ್ಟನ್ನಿನ ರಿಂಗುಗಳನ್ನು ದಾಟಿ ಕೆಳಗೆ ಹೋಗುತ್ತದೆ. ಕೆಲವು ಎಂಜಿನ್ನುಗಳಲ್ಲಿ ಇಂಜೆಕ್ಟರುಗಳ ರಿಟರ್ನ್ ಪೈಪು ಟ್ಯಾಪೆಟ್ ಕವರಿನ ಒಳಗಿರುತ್ತದೆ. ಅಲ್ಲಿನ ಒಂದು ವಾಷರ್ ಕೈಕೊಟ್ಟರೂ ಸಾಕು, ಅಂಥ ಎಂಜಿನ್ ಇರುವವರು ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸಬೇಕು. ನನ್ನದರಲ್ಲಿ ಆ ಪೈಪು ಹೊರಗಿದೆ, ಸೋರಿದರೆ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಅದನ್ನು ಬಿಟ್ಟೆ. ಕೊನೆಯದು ಇಂಜೆಕ್ಷನ್ ಪಂಪು. ತಿರುಗುವ ಬಗೆಯ ಪಂಪಾದರೆ ಅದರ ಶಾಫ್ಟಿನ ಸೀಲು, ಇನ್‌ಲೈನ್ ಬಗೆಯದಾದರೆ ಪ್ಲಂಜರು, ಬ್ಯಾರಲ್ಲು ಮತ್ತು ಬ್ಯಾರಲ್ಲಿನ ಬುಡ. ಇವೆಲ್ಲದರ ಜೊತೆಗೆ ಯಾವ ಭಾಗವೂ ಕೆಡದೆ, ಬ್ಯಾಟರಿ ಚಾರ್ಜ್ ಆಗಲೆಂದು ಗಂಟೆಗಟ್ಟಲೆ ಹೊರೆಯಿಲ್ಲದೆ ನಿಧಾನವಾಗಿ ಓಡಿಸುವುದರಿಂದಲೂ ತಣ್ಣಗಿನ ಸಿಲಿಂಡರುಗಳಿಂದ ಒಂದಿಷ್ಟು ಡೀಸೆಲ್ ಇಳಿಯುತ್ತದೆ. ಆ ಅಪರಾಧವನ್ನು ನಾನೂ ಮಾಡಿದ್ದೇನೆ, ಆದರೆ ಅದರಿಂದ ಗಂಟೆಗೆ 21 ಮಿಲಿಲೀಟರ್ ಇಳಿಯಬೇಕಾದರೆ ಹೊಗೆ ಕಣ್ಣು ಕಟ್ಟುವಷ್ಟು ಬರಬೇಕಿತ್ತು.

ಇಷ್ಟೆಲ್ಲ ಬರೆದಿಟ್ಟುಕೊಂಡ ಮೇಲೆಯೂ ನಾನು ಮಾಡಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂಥ ಕೆಲಸ. ಕೇಳಿದವರೆಲ್ಲರೂ ಡಯಾಫ್ರಂ ಎಂದರು. ಹೆಚ್ಚಿನ ಸಂದರ್ಭಗಳಲ್ಲಿ ಅದು ನಿಜವೂ ಹೌದು. ಹೊಸ ಫೀಡ್ ಪಂಪು ಸುಲಭವಾಗಿ ಸಿಗುತ್ತದೆ, ಎರಡು ಬೋಲ್ಟು, ಎರಡು ಪೈಪು, ಅರ್ಧ ತಾಸಿನ ಕೆಲಸ. ಹಳೆಯದನ್ನು ಪರೀಕ್ಷಿಸದೆ ಹೊಸದನ್ನು ಹಾಕಿ, ಎಣ್ಣೆ ಬದಲಿಸಿ, 5 ಗಂಟೆ ಓಡಿಸಿದೆ. ಎಣ್ಣೆ 2 ಮಿಲಿಮೀಟರ್ ಏರಿತು. ಆಮೇಲೆ ಹಳೆಯ ಪಂಪನ್ನು ಬಿಚ್ಚಿ, ಹೊರಹೋಗುವ ಬಾಯಿಯನ್ನು ಬೋಲ್ಟು ಹಾಕಿ ಮುಚ್ಚಿ, ಒಳಬರುವ ಬಾಯಿಗೆ ಕೈಪಂಪಿನಿಂದ 0.4 ಬಾರ್ ಗಾಳಿ ಹಿಡಿದು ನೀರಿನಲ್ಲಿ ಮುಳುಗಿಸಿದರೆ ಹತ್ತು ನಿಮಿಷದಲ್ಲಿ ಒಂದು ಗುಳ್ಳೆಯೂ ಬರಲಿಲ್ಲ. ಆ ಪಂಪು ಈಗ ಬಿಡಿಭಾಗಗಳ ಪೆಟ್ಟಿಗೆಯಲ್ಲಿ ಎಣ್ಣೆ ಕಾಗದ ಸುತ್ತಿಕೊಂಡು ಕೂತಿದೆ. ಹತ್ತು ನಿಮಿಷದ ಈ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ಪಂಪೂ ಉಳಿಯುತ್ತಿತ್ತು, ನಾಲ್ಕು ಲೀಟರ್ ಎಣ್ಣೆಯೂ ಉಳಿಯುತ್ತಿತ್ತು.

ಎರಡನೆಯ ಸುತ್ತಿನಲ್ಲಿ ಇಂಜೆಕ್ಟರುಗಳನ್ನು ತೆಗೆದು ಟೆಸ್ಟರಿಗೆ ಹಾಕಿಸಿದೆ. ಈ ಮಾದರಿಯಲ್ಲಿ ನಾಜಲ್ 170 ಬಾರ್ ಒತ್ತಡಕ್ಕೆ ಬಾಯಿ ತೆರೆಯಬೇಕು. ಅದಕ್ಕಿಂತ 20 ಬಾರ್ ಕಡಿಮೆ ಒತ್ತಡದಲ್ಲಿ ಹತ್ತು ಸೆಕೆಂಡು ಹಿಡಿದರೂ ತುದಿ ಒಣಗಿಯೇ ಇರಬೇಕು. ಒಂದು ಮತ್ತು ಎರಡನೆಯವು ಉತ್ತೀರ್ಣವಾದವು. ಮೂರನೆಯದು 155ಕ್ಕೇ ತೆರೆದುಕೊಂಡು, ಸಿಂಪಡಣೆ ಮುಗಿದ ಮೇಲೆ ತುದಿಯಲ್ಲಿ ಒಂದು ಹನಿಯನ್ನು ಹಿಡಿದುಕೊಂಡು ನಿಂತಿತು. ಸಿಕ್ಕಿತು ಕಳ್ಳ ಎಂದುಕೊಂಡೆ. ಹೊಸ ನಾಜಲ್ ಹಾಕಿಸಿ, ಶಿಮ್ ಎಂಬ ತೆಳು ಬಿಲ್ಲೆ ಬದಲಿಸಿ ಒತ್ತಡ ಸರಿಪಡಿಸಿ, ಮತ್ತೆ ಎಣ್ಣೆ ಬದಲಿಸಿ, 6 ಗಂಟೆ ಓಡಿಸಿದೆ. ಎಂಜಿನ್ನಿನ ಸದ್ದು ನಿಜಕ್ಕೂ ಮೃದುವಾಯಿತು, ಬೆಳಗಿನ ಬಿಳಿ ಹೊಗೆ ಕಡಿಮೆಯಾಯಿತು, ಎಣ್ಣೆ ಮಾತ್ರ 2.5 ಮಿಲಿಮೀಟರ್ ಏರಿತು. ಗಂಟೆಗೆ 21 ಮಿಲಿಲೀಟರಿನ ಲೆಕ್ಕ ಕೂದಲೆಳೆಯಷ್ಟೂ ಅಲುಗಾಡಿರಲಿಲ್ಲ. ನಾಜಲ್ ಕೆಟ್ಟಿದ್ದು ನಿಜ, ಆದರೆ ಅದು ಬೇರೆ ಕಾಯಿಲೆ. ಇಂಜೆಕ್ಟರುಗಳು ಹೊರಗಿದ್ದಾಗಲೇ ಮೂರೂ ಸಿಲಿಂಡರುಗಳ ಕಂಪ್ರೆಶನ್, ಅಂದರೆ ಅವು ಗಾಳಿಯನ್ನು ಅಮುಕುವ ಒತ್ತಡ, ಅಳೆದಿದ್ದೆ. 28 ಬಾರ್‌ನ ಆಸುಪಾಸಿನಲ್ಲಿ, ಒಂದಕ್ಕೊಂದು 1.5 ಬಾರ್‌ಗಿಂತ ಹೆಚ್ಚು ವ್ಯತ್ಯಾಸವಿರಲಿಲ್ಲ. ರಿಂಗುಗಳ ಮೇಲಿನ ಅನುಮಾನವನ್ನು ಅಲ್ಲಿಗೆ ಬಿಟ್ಟೆ.

ಉಳಿದದ್ದು ಇಂಜೆಕ್ಷನ್ ಪಂಪು. ಅದನ್ನು ಬಿಚ್ಚುವುದು ದೊಡ್ಡ ಕೆಲಸವಾದ್ದರಿಂದ, ಎಂಜಿನ್ ನಿಂತಿರುವಾಗಲೂ ಸೋರುತ್ತದೆಯೇ ಎಂದು ಮೊದಲು ನೋಡೋಣವೆಂದು ಇಂಧನದ ಕಾಕ್ ತೆರೆದಿಟ್ಟು 48 ಗಂಟೆ ಬಿಟ್ಟೆ. ಡಿಪ್‌ಸ್ಟಿಕ್ ಕದಲಲಿಲ್ಲ. ಹಾಗಾದರೆ ಪಂಪು ಸರಿಯಿದೆ ಎಂದು ತೀರ್ಮಾನಿಸುವ ಮುನ್ನ, ಬೇರೆ ಯಾವುದೋ ಕೆಲಸಕ್ಕೆ ಟ್ಯಾಂಕನ್ನು ತುಂಬಿಸಿದ್ದರಿಂದ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿದೆ. ಈ ಸಲ 48 ಗಂಟೆಯಲ್ಲಿ 1 ಮಿಲಿಮೀಟರ್ ಏರಿತ್ತು. ಅಳತೆಯ ತಪ್ಪಿರಬಹುದೆಂದು ಅದನ್ನೂ ತಳ್ಳಿಹಾಕಿದೆ.

ಆ ಒಂದು ಮಿಲಿಮೀಟರು ತಲೆಯಿಂದ ಹೋಗಲಿಲ್ಲ. ಮೊದಲ ಪರೀಕ್ಷೆ ಮಾಡಿದಾಗ ಟ್ಯಾಂಕು ಅರ್ಧಕ್ಕಿಂತ ಕೆಳಗಿತ್ತು, ಅಂದರೆ ಇಂಧನದ ಮಟ್ಟ ಪಂಪಿಗಿಂತ ತಗ್ಗಿನಲ್ಲಿತ್ತು. ತಳ್ಳುವ ಒತ್ತಡವೇ ಇಲ್ಲದ ಮೇಲೆ ಸೋರುವುದಾದರೂ ಹೇಗೆ? ಎರಡನೆಯ ಸಲ ಮಟ್ಟ 20 ಸೆಂಟಿಮೀಟರ್ ಮೇಲಿತ್ತು. ಡೀಸೆಲ್ಲಿನ ಒಂದು ಮೀಟರ್ ಎತ್ತರದ ಕಂಬ ಕೊಡುವ ಒತ್ತಡವೇ ಸುಮಾರು 0.08 ಬಾರ್; 20 ಸೆಂಟಿಮೀಟರಿಗೆ 0.016. ಎಂಜಿನ್ ಓಡುವಾಗ ಫೀಡ್ ಪಂಪು ಇಂಜೆಕ್ಷನ್ ಪಂಪಿನ ಗ್ಯಾಲರಿಯಲ್ಲಿ, ಅಂದರೆ ಎಲಿಮೆಂಟುಗಳಿಗೆ ಇಂಧನ ಹಂಚುವ ಒಳಗಾಲುವೆಯಲ್ಲಿ, ಹಿಡಿದಿಡುವುದು 0.3 ಬಾರ್, ಹೆಚ್ಚುಕಡಿಮೆ ಹದಿನೆಂಟು ಪಟ್ಟು. ಓಡುವಾಗ ಗಂಟೆಗೆ 21 ಮಿಲಿಲೀಟರ್ ಸೋರುವ ತೂತು, ನಿಂತಾಗ ಗಂಟೆಗೆ ಒಂದು ಮಿಲಿಲೀಟರಿನಷ್ಟು ಸೋರಬೇಕು. 48 ಗಂಟೆಗೆ 50 ಮಿಲಿಲೀಟರಿನ ಆಸುಪಾಸು. ಡಿಪ್‌ಸ್ಟಿಕ್ಕಿನ ಮೇಲೆ ಒಂದು ಮಿಲಿಮೀಟರ್. ತಳ್ಳಿಹಾಕಿದ ಅಳತೆ ಲೆಕ್ಕಕ್ಕೆ ಸರಿಯಾಗಿ ಹೊಂದಿಕೊಂಡಿತು. ಇನ್ನೊಂದು ಸಂಗತಿಯೂ ಆಗ ಅರ್ಥವಾಯಿತು. ಟ್ಯಾಂಕು ಅರ್ಧಕ್ಕಿಂತ ಕಡಿಮೆಯಿದ್ದ ಬೆಳಗುಗಳಲ್ಲಿ ಎಂಜಿನ್ ಹೊತ್ತಿಕೊಂಡ ಮೊದಲ ಅರ್ಧ ನಿಮಿಷ ಉಸಿರು ಹಿಡಿದು ಬಿಟ್ಟಂತೆ ಏರಿಳಿಯುತ್ತಿತ್ತು, ತುಂಬಿದ್ದಾಗ ಹಾಗಾಗುತ್ತಿರಲಿಲ್ಲ. ಡೀಸೆಲ್ ಹೊರಹೋಗುವ ಸಂದಿನಲ್ಲೇ, ಒತ್ತಡ ತಿರುಗುಮುರುಗಾದಾಗ ಗಾಳಿ ಒಳಬರುತ್ತಿತ್ತು. ಅದನ್ನು ಫಿಲ್ಟರಿನ ತಪ್ಪೆಂದು ತಿಳಿದು ನಾನು ಫಿಲ್ಟರನ್ನೂ ಬದಲಿಸಿದ್ದೆ.

ಇನ್ನು ಊಹೆ ಸಾಕು, ಹನಿ ಬೀಳುವುದನ್ನು ಕಣ್ಣಾರೆ ನೋಡದೆ ಒಂದು ತಿರುಪನ್ನೂ ಬಿಚ್ಚಿ ಹೊಸದನ್ನು ಹಾಕುವುದಿಲ್ಲ ಎಂದು ನಿಶ್ಚಯಿಸಿದೆ. ಐದು ಲೀಟರಿನ ಒಂದು ಕ್ಯಾನಿಗೆ ಶುದ್ಧ ಡೀಸೆಲ್ ತುಂಬಿ, ಸೋರಿಕೆ ಹುಡುಕಲು ಬಳಸುವ ಹೊಳೆಯುವ ಬಣ್ಣವನ್ನು ಅದಕ್ಕೆ ಬೆರೆಸಿ, ಟ್ಯಾಂಕಿನ ಪೈಪನ್ನೂ ಫೀಡ್ ಪಂಪನ್ನೂ ಬದಿಗಿಟ್ಟು, ಸಣ್ಣ ಎಲೆಕ್ಟ್ರಿಕ್ ಪಂಪೊಂದರಿಂದ ಆ ಡೀಸೆಲ್ಲನ್ನು ಫಿಲ್ಟರಿನ ಮೂಲಕ ಇಂಜೆಕ್ಷನ್ ಪಂಪಿಗೆ ಕೊಟ್ಟೆ. ನಡುವೆ ಒಂದು ಒತ್ತಡದ ಗೇಜು, 0.3 ಬಾರ್‌ಗೆ ನಿಲ್ಲುವಂತೆ ರಿಟರ್ನ್ ಪೈಪನ್ನು ಹಿಸುಕಿ ಹಿಡಿದೆ. ಇಂಜೆಕ್ಷನ್ ಪಂಪಿನ ಪಕ್ಕದ ಮುಚ್ಚಳವನ್ನು ತೆಗೆದರೆ ಮೂರು ಎಲಿಮೆಂಟುಗಳ ಸ್ಪ್ರಿಂಗುಗಳು ಸಾಲಾಗಿ ಕಾಣುತ್ತವೆ. ಅವುಗಳ ಮೇಲಿನ ಎಣ್ಣೆಯನ್ನೆಲ್ಲ ಬಟ್ಟೆಯಿಂದ ಒರೆಸಿ, ದ್ರಾವಕ ಸಿಂಪಡಿಸಿ ಒಣಗಿಸಿ, ದೀಪಗಳನ್ನು ಆರಿಸಿ, ನೇರಳಾತೀತ ಟಾರ್ಚು ಹಿಡಿದು ಕೂತೆ. ಎಂಜಿನ್ ಎಣ್ಣೆಯೂ ಈ ಬೆಳಕಿಗೆ ನೀಲಿಯಾಗಿ ಮಿನುಗುತ್ತದೆ ಎಂಬುದನ್ನು ಮರೆಯಬಾರದು. ಹಾಗಾಗಿಯೇ ಒರೆಸುವ ಕೆಲಸಕ್ಕೆ ನೋಡುವ ಕೆಲಸಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಮೊದಲ ಮೂರು ನಿಮಿಷ ಏನೂ ಇಲ್ಲ. ನಾಲ್ಕನೆಯ ನಿಮಿಷದಲ್ಲಿ ನಡುವಿನ ಎಲಿಮೆಂಟಿನ ಮೇಲ್ಗಡೆ, ಬ್ಯಾರಲ್ಲು ಪಂಪಿನ ಒಡಲಿನೊಳಗೆ ಕೂರುವ ಅಂಚಿನಲ್ಲಿ, ಕೂದಲಿನಷ್ಟು ತೆಳ್ಳಗಿನ ಹಳದಿಹಸಿರು ಗೆರೆಯೊಂದು ಮೂಡಿತು. ಅದು ಮೆಲ್ಲಗೆ ಬ್ಯಾರಲ್ಲಿನ ಮೈಮೇಲೆ ಜಾರಿ, ಸ್ಪ್ರಿಂಗಿನ ಮೊದಲ ಸುರುಳಿಯ ಹತ್ತಿರ ಬಂದು ನಿಂತು, ಅಲ್ಲಿ ಸಾಸಿವೆ ಕಾಳಿನಷ್ಟಾಗಿ, ಮೆಣಸಿನ ಕಾಳಿನಷ್ಟಾಗಿ, ಕೊನೆಗೆ ತನ್ನ ಭಾರಕ್ಕೇ ಕಳಚಿಕೊಂಡು ಕ್ಯಾಮ್ ಕೋಣೆಯ ಕತ್ತಲೆಗೆ ಬಿತ್ತು. ಹಿಂದೆಯೇ ಇನ್ನೊಂದು. ಒಂದು ಮತ್ತು ಮೂರನೆಯ ಎಲಿಮೆಂಟುಗಳು ಕೊನೆಯವರೆಗೂ ಕಪ್ಪಾಗಿ, ಒಣಗಿಯೇ ಇದ್ದವು. ಕೆಳಗೆ ಸಣ್ಣ ಹಾಳೆಯ ದೋಣಿಯೊಂದನ್ನು ತೂರಿಸಿ ಹದಿನೈದು ನಿಮಿಷದ ಹನಿಗಳನ್ನು ಹಿಡಿದು ಸಿರಿಂಜಿನಿಂದ ಎಳೆದು ನೋಡಿದರೆ 4.5 ಮಿಲಿಲೀಟರ್, ಅಂದರೆ ಗಂಟೆಗೆ 18. ಓಡುವ ಎಂಜಿನ್ನಿನಲ್ಲಿ ಡೀಸೆಲ್ ಬಿಸಿಯಾಗಿ ತೆಳುವಾಗಿರುತ್ತದೆ, ಪ್ಲಂಜರಿನ ಪ್ರತಿ ಹೊಡೆತದ ಕೊನೆಯಲ್ಲಿ ಹೆಚ್ಚುವರಿ ಇಂಧನ ಗ್ಯಾಲರಿಗೆ ರಭಸದಿಂದ ಹಿಂತಿರುಗುತ್ತದೆ; ಉಳಿದ 3 ಮಿಲಿಲೀಟರಿಗೆ ಅಷ್ಟು ಕಾರಣ ಸಾಕು. ಇದೇ ಪರೀಕ್ಷೆಯಲ್ಲಿ ಇನ್ನೊಂದನ್ನೂ ನೋಡಿಕೊಂಡೆ: ಸೋರುತ್ತಿದ್ದುದು ಬ್ಯಾರಲ್ಲಿನ ಹೊರಗಿನ ಕೂರುವ ಜಾಗದಿಂದ, ಒಳಗಿನ ಪ್ಲಂಜರಿನ ಸಂದಿನಿಂದಲ್ಲ. ಪ್ಲಂಜರಿಗೂ ಬ್ಯಾರಲ್ಲಿಗೂ ನಡುವಿನ ಸಂದು ಕೆಲವೇ ಮೈಕ್ರಾನ್. ಅಲ್ಲಿಂದ ಒಸರುವುದು ಸ್ವಲ್ಪಮಟ್ಟಿಗೆ ಸಹಜ, ಆದರೆ ಹನಿಕಟ್ಟಿ ಬೀಳುವುದಿಲ್ಲ.

ಪಂಪನ್ನು ಬಿಚ್ಚುವಾಗ ಎರಡು ವಿಷಯಗಳಲ್ಲಿ ಎಚ್ಚರ ವಹಿಸಿದೆ. ಪಂಪಿನ ಫ್ಲಾಂಜಿನ ಕೆಳಗಿರುವ ತೆಳು ಶಿಮ್‌ಗಳೇ ಇಂಜೆಕ್ಷನ್ನಿನ ಟೈಮಿಂಗನ್ನು ನಿಗದಿಮಾಡುತ್ತವೆ. ಅವುಗಳನ್ನು ಎಣಿಸಿ, ಮೈಕ್ರೋಮೀಟರಿನಿಂದ ಒಟ್ಟು ದಪ್ಪ ಅಳೆದು, ದಾರ ಪೋಣಿಸಿ ಪಂಪಿಗೇ ಕಟ್ಟಿದೆ. ಎಲ್ಲ ಪೈಪುಗಳ ಬಾಯಿಗೂ ತಕ್ಷಣ ಮುಚ್ಚಳ ಹಾಕಿದೆ, ಏಕೆಂದರೆ ಇಲ್ಲಿ ಮರಳಿನ ಒಂದು ಕಣ ಹೊಕ್ಕರೂ ಹೊಸ ಎಲಿಮೆಂಟು ಒಂದೇ ದಿನದಲ್ಲಿ ಹಾಳಾಗುತ್ತದೆ. ಎಲಿಮೆಂಟುಗಳನ್ನು ನಾನು ಬಿಚ್ಚಲಿಲ್ಲ. ಮೂರೂ ಸಿಲಿಂಡರುಗಳಿಗೆ ಸಮನಾಗಿ ಇಂಧನ ಹೋಗುವಂತೆ ಹೊಂದಿಸಲು ಕ್ಯಾಲಿಬ್ರೇಶನ್ ಬೆಂಚು ಬೇಕು, ಅದು ಮನೆಯಲ್ಲಿ ಆಗುವ ಮಾತಲ್ಲ. ಪಂಪು ದುರಸ್ತಿಯ ಕಾರ್ಯಾಗಾರದಲ್ಲಿ ಕೂತು ಬಿಚ್ಚುವುದನ್ನು ನೋಡಿದೆ. ನಡುವಿನ ಬ್ಯಾರಲ್ಲಿನ ಭುಜ ಒಡಲಿಗೆ ಒತ್ತಿಕೊಳ್ಳುವ ಉಂಗುರದಂಥ ಹೊಳಪು ಪಟ್ಟಿಯ ಮೇಲೆ, ಒಂದು ಕಡೆಯಲ್ಲಿ ಅಕ್ಕಿಕಾಳಿನ ಅರ್ಧದಷ್ಟು ಜಾಗ ತುಕ್ಕು ತಿಂದು ಹಳ್ಳಬಿದ್ದಿತ್ತು. ಓ-ರಿಂಗು ಗಟ್ಟಿಯಾಗಿ, ಬಾಗಿಸಿದರೆ ಮುರಿಯುವಂತಾಗಿತ್ತು. ತುಕ್ಕಿಗೆ ಕಾರಣ ಇಂಧನದಲ್ಲಿದ್ದ ನೀರು. ನೀರು ಬೇರ್ಪಡಿಸುವ ಫಿಲ್ಟರಿನ ಬಟ್ಟಲನ್ನು ಒಂದು ಚಳಿಗಾಲವಿಡೀ ನಾನು ಖಾಲಿ ಮಾಡಿರಲಿಲ್ಲ, ಅದಕ್ಕೆ ಬೇರೆ ಯಾರನ್ನೂ ದೂರುವಂತಿಲ್ಲ. ಮೂರಕ್ಕೂ ಹೊಸ ಎಲಿಮೆಂಟು, ಹೊಸ ಸೀಲುಗಳನ್ನು ಹಾಕಿಸಿದೆ; ಒಡಲಿನ ಕಡೆಯ ಮುಖವನ್ನು ಸಣ್ಣಗೆ ಉಜ್ಜಿ ಸಮ ಮಾಡಿದರು.

ಮರಳಿ ಜೋಡಿಸುವಾಗ ಎಂಜಿನ್ನಿನ ವೇಗ ಕಾಯುವ ಗವರ್ನರಿನ ಲಿವರು, ಇಂಧನದ ಪ್ರಮಾಣ ಬದಲಿಸುವ ಪಂಪಿನ ರ್‍ಯಾಕಿನ ಪಿನ್ನಿಗೆ ಸರಿಯಾಗಿ ಸಿಕ್ಕಿಕೊಂಡಿದೆಯೇ ಎಂಬುದನ್ನು ಬೆರಳಿನಿಂದ ಮೂರು ಸಲ ತಳ್ಳಿ ನೋಡಿದೆ. ಅದು ತಪ್ಪಿದರೆ ಎಂಜಿನ್ ಹೊತ್ತಿಕೊಂಡ ಕ್ಷಣವೇ ಕೈಮೀರಿ ಓಡುತ್ತದೆ. ಅದೇ ಶಿಮ್‌ಗಳನ್ನು ಹಾಕಿ, ಮೊದಲ ಸಿಲಿಂಡರಿನ ಪೈಪು ತೆಗೆದು, ಫ್ಲೈವೀಲನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಾ, ಪಂಪಿನ ಬಾಯಲ್ಲಿ ಡೀಸೆಲ್ ಅಲುಗುವ ಗಳಿಗೆಯನ್ನು ಫ್ಲೈವೀಲಿನ ಗುರುತಿನೊಂದಿಗೆ ಹೋಲಿಸಿದೆ. ಒಂದು ಡಿಗ್ರಿಯಷ್ಟು ತಡವಾಗಿತ್ತು, 0.1 ಮಿಲಿಮೀಟರಿನ ಒಂದು ಶಿಮ್ ತೆಗೆದ ಮೇಲೆ ಗುರುತಿಗೆ ಬಂತು. ಇಂಧನದ ಪೈಪುಗಳಲ್ಲಿ ಸಿಕ್ಕಿಕೊಂಡ ಗಾಳಿಯನ್ನು ತೆಗೆದು ಚಾಲೂ ಮಾಡುವಾಗ ಗೆಳೆಯನೊಬ್ಬನ ಕೈಗೆ ಆ ಹಲಗೆ ತುಂಡನ್ನು ಕೊಟ್ಟು ಗಾಳಿಯ ಬಾಯಿಯ ಪಕ್ಕ ನಿಲ್ಲಿಸಿದ್ದೆ. ಅದರ ಅಗತ್ಯ ಬೀಳಲಿಲ್ಲ.

ಎಣ್ಣೆಯನ್ನು ಒಂದೇ ಸಲ ಬದಲಿಸಿದರೆ ಸಾಲದು. ಡೀಸೆಲ್ ಪೆಟ್ರೋಲಿನಂತೆ ಬಿಸಿಗೆ ಆವಿಯಾಗಿ ಹೋಗುವಂಥದ್ದಲ್ಲ, ಕಾಲುವೆಗಳಲ್ಲಿ, ಕೂಲರಿನಲ್ಲಿ, ಫಿಲ್ಟರಿನಲ್ಲಿ ಉಳಿದದ್ದು ಹೊಸ ಎಣ್ಣೆಗೆ ಸೇರಿಕೊಂಡು, ಮುಂದಿನ ಅಳತೆಗಳಲ್ಲಿ ಮತ್ತೆ ಅನುಮಾನ ಹುಟ್ಟಿಸುತ್ತದೆ. ಅರ್ಧ ತಾಸಿನಂತೆ ಎರಡು ಸಲ ಓಡಿಸಿ ಚೆಲ್ಲಿದೆ, ಮೂರನೆಯ ಸಲ ಹಾಕಿದ್ದನ್ನು ಉಳಿಸಿಕೊಂಡೆ. ತೆಗೆದ ಫಿಲ್ಟರನ್ನು ಕತ್ತರಿಸಿ, ಅದರ ಮಡಿಕೆಗಳನ್ನು ಬಿಳಿ ಕಾಗದದ ಮೇಲೆ ಬಿಡಿಸಿ ಹರಡಿ ಆಯಸ್ಕಾಂತ ಆಡಿಸಿದೆ. ಕಬ್ಬಿಣದ ಕಣಗಳಿರಲಿಲ್ಲ, ಬೇರಿಂಗಿನ ಬೂದುಬಣ್ಣದ ಕೆಲವು ಚೂರುಗಳು, ಉಗುರಿನ ತುದಿಯಲ್ಲಿ ಹಿಡಿಯುವಷ್ಟು, ಮಿನುಗಿದವು. ಬೇರಿಂಗುಗಳು ಒಂದಿಷ್ಟು ಬೆಲೆ ತೆತ್ತಿವೆ ಎಂದೇ ನನ್ನ ಎಣಿಕೆ. ಆದರೂ ಬಿಸಿಯಾದಾಗ ನಿಧಾನ ವೇಗದಲ್ಲಿ ಒತ್ತಡ 1.6 ಬಾರ್‌ಗೆ ಬಂದು ನಿಂತಿತು, 2000 ಸುತ್ತಿನಲ್ಲಿ 3.4. ಗೇಜು ಮೊದಲಿನಿಂದಲೂ ನಿಜವನ್ನೇ ಹೇಳುತ್ತಿತ್ತು. ಮುಂದಿನ ಎರಡು ಬದಲಾವಣೆಗಳಲ್ಲೂ ಫಿಲ್ಟರ್ ಕತ್ತರಿಸಿ ನೋಡುವುದೆಂದು ಬರೆದಿಟ್ಟಿದ್ದೇನೆ. ಚೂರುಗಳು ಹೆಚ್ಚಿದರೆ ಸಂಪು ಇಳಿಸಿ ಬೇರಿಂಗ್ ತೆರೆಯುವುದು ಬಿಟ್ಟು ಬೇರೆ ದಾರಿಯಿಲ್ಲ.

ಆಮೇಲೆ ಟ್ಯಾಂಕು ತುಂಬಿಸಿ ಕಾಕ್ ತೆರೆದಿಟ್ಟು 48 ಗಂಟೆ, ಅನಂತರ ಹೊರೆ ಹಾಕಿ ಒಟ್ಟು 25 ಗಂಟೆಯ ಓಟ, ಪ್ರತಿ ಬೆಳಗ್ಗೆ ಅದೇ ಜಾಗದಲ್ಲಿ ನಿಂತು ಒಂದು ಅಳತೆ. ಮೊದಲ ಎಂಟು ಸಾಲುಗಳಲ್ಲಿ ಸೊನ್ನೆ, ಸೊನ್ನೆ ಎಂದೇ ಬರೆದಿದೆ. ಒಂಬತ್ತನೆಯ ಸಾಲಿನಲ್ಲಿ, ಎಣ್ಣೆ ಗೆರೆಯಿಂದ 1 ಮಿಲಿಮೀಟರ್ ಕೆಳಗೆ. ಒರೆಸಿ ಇನ್ನೊಮ್ಮೆ ಅದ್ದಿ ನೋಡಿ, ಅಷ್ಟೇ ಇದೆಯೆಂದು ಖಚಿತವಾದ ಮೇಲೆ 50 ಮಿಲಿಲೀಟರ್ ಎಣ್ಣೆ ಸುರಿದು ಗೆರೆಗೆ ತಂದು, ಅದನ್ನೂ ಪಕ್ಕದಲ್ಲಿ ಬರೆದುಕೊಂಡೆ.